ಹೆಪಟೈಟಿಸ್ ಬಿ: ರಕ್ತದ ವರದಿಯಲ್ಲಿನ ಆ ಒಂದು ಸಾಲು ಬಂದದ್ದು ಎಲ್ಲಿಂದ? ಬರೂಕ್ ಬ್ಲಂಬರ್ಗ್ ಅವರ ಬದುಕು

ಗರ್ಭಿಣಿಯರ ಮೊದಲ ರಕ್ತಪರೀಕ್ಷೆ, ಆಪರೇಷನ್‌ಗೆ ಮುಂಚಿನ ತಪಾಸಣೆ, ರಕ್ತದಾನ, ಗಲ್ಫ್ ದೇಶಕ್ಕೆ ಕೆಲಸಕ್ಕೆ ಹೊರಟವರ ಮೆಡಿಕಲ್. ಇವುಗಳಲ್ಲಿ ಯಾವುದೇ ಪರೀಕ್ಷೆಯಾದರೂ ಸಾಮಾನ್ಯವಾಗಿ ‘ಎಚ್‌ಬಿಎಸ್‌ಎಜಿ’ ಎಂಬ ಒಂದು ಸಾಲು ಇರುತ್ತದೆ. ಅದರ ಮುಂದೆ ‘ನಾನ್ ರಿಯಾಕ್ಟಿವ್’ ಎಂದಿದ್ದರೆ ಯಾರೂ ಅದನ್ನು ಎರಡನೇ ಸಲ ನೋಡುವುದಿಲ್ಲ. ‘ರಿಯಾಕ್ಟಿವ್’ ಎಂದಿದ್ದರೆ ಮಾತ್ರ ಮನೆಯ ವಾತಾವರಣವೇ ಬದಲಾಗಿಬಿಡುತ್ತದೆ. ಊಟದ ತಟ್ಟೆ ಬೇರೆಯಾಗುತ್ತದೆ. ಮಗುವನ್ನು ಕೈಗೆ ಕೊಡಲು ಹಿಂಜರಿಯುತ್ತಾರೆ. ಗೊತ್ತಾದ ಮದುವೆ ಮುರಿಯುತ್ತದೆ, ಸಿಕ್ಕ ಕೆಲಸ ಕೈತಪ್ಪುತ್ತದೆ. ಅಷ್ಟರಲ್ಲಿ ಫ್ಯಾಮಿಲಿ ಗ್ರೂಪಿನಲ್ಲಿ ಫಾರ್ವರ್ಡ್‌ಗಳು ಶುರುವಾಗುತ್ತವೆ: ಇದು ಎಂಜಲಿನಿಂದ ಹರಡುತ್ತದೆ, ಇದಕ್ಕೆ ಆಸ್ಪತ್ರೆಯಲ್ಲಿ ಔಷಧಿಯೇ ಇಲ್ಲ, ಸೊಪ್ಪಿನ ರಸ ಕುಡಿದರೆ ಬುಡಸಮೇತ ಹೋಗುತ್ತದೆ.

ಈ ಮಾತುಗಳಲ್ಲಿ ಯಾವುದು ನಿಜ, ಯಾವುದು ಸುಳ್ಳು ಎಂದು ಪಟ್ಟಿ ಮಾಡುವುದು ಸುಲಭ. ಆದರೆ ಈ ಸಲ ನಾವು ಬೇರೆ ದಾರಿ ಹಿಡಿದಿದ್ದೇವೆ. ವರದಿಯಲ್ಲಿನ ಆ ಸಾಲು ಎಲ್ಲಿಂದ ಬಂತು ಎಂದು ತಿಳಿದರೆ, ರೋಗ ಹೇಗೆ ಹರಡುತ್ತದೆ, ಹೇಗೆ ಹರಡುವುದಿಲ್ಲ ಎಂಬುದು ತಾನಾಗಿಯೇ ಅರ್ಥವಾಗುತ್ತದೆ. ಅದಕ್ಕಾಗಿ ಅಮೆರಿಕದ ವಿಜ್ಞಾನಿ ಬರೂಕ್ ಬ್ಲಂಬರ್ಗ್ ಅವರ ಬದುಕನ್ನು ನೋಡೋಣ. ಹೆಪಟೈಟಿಸ್ ಬಿ ವೈರಸ್ಸನ್ನು ಪತ್ತೆ ಮಾಡಿದವರು ಅವರು. ಅದರ ಪರೀಕ್ಷೆ, ಲಸಿಕೆ ಎರಡರ ಹಿಂದೆಯೂ ಅವರ ಕೆಲಸವಿದೆ. ಈ ಪರೀಕ್ಷೆಯಿಂದ ಜನರನ್ನು ದೂರವಿಡುವ ಅಪಾಯವೂ ಇದೆ ಎಂದು ಆಗಲೇ ಎಚ್ಚರಿಸಿದವರೂ ಅವರೇ.

ಗಣಿತ ಬಿಟ್ಟು ವೈದ್ಯಕೀಯಕ್ಕೆ

ಬ್ಲಂಬರ್ಗ್ ಹುಟ್ಟಿದ್ದು 1925ರ ಜುಲೈ 28ರಂದು, ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿ, ಒಂದು ಯಹೂದಿ ಕುಟುಂಬದಲ್ಲಿ. ಗೆಳೆಯರೆಲ್ಲ ಅವರನ್ನು ಬ್ಯಾರಿ ಎಂದು ಕರೆಯುತ್ತಿದ್ದರು. ತಂದೆ ವಕೀಲರು. ಹೈಸ್ಕೂಲು ಓದಿದ್ದು ಫಾರ್ ರಾಕವೇ ಎಂಬಲ್ಲಿ. ಭೌತವಿಜ್ಞಾನಿ ರಿಚರ್ಡ್ ಫೈನ್‌ಮನ್ ಕೂಡ ಓದಿದ ಶಾಲೆ ಅದು. ಎರಡನೇ ಮಹಾಯುದ್ಧದ ಸಮಯದಲ್ಲಿ ನೌಕಾಪಡೆ ಸೇರಿ ಹಡಗಿನ ಅಧಿಕಾರಿಯಾದರು. 1946ರಲ್ಲಿ ಭೌತಶಾಸ್ತ್ರದಲ್ಲಿ ಪದವಿ ಪಡೆದು, ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಗಣಿತದ ಉನ್ನತ ವ್ಯಾಸಂಗಕ್ಕೆ ಸೇರಿಕೊಂಡರು. ಆಗ ವೈದ್ಯಕೀಯ ಓದುವಂತೆ ಸಲಹೆ ಕೊಟ್ಟವರು ತಂದೆ. ಮಗ ಒಪ್ಪಿ 1947ರಲ್ಲಿ ಅಲ್ಲಿನ ವೈದ್ಯಕೀಯ ಕಾಲೇಜು ಸೇರಿದರು.

ಅವರ ಬದುಕಿನ ದಿಕ್ಕು ತಿರುಗಿದ್ದು ಓದಿನ ಮಧ್ಯೆ ಮಾಡಿದ ಒಂದು ಪ್ರಯಾಣದಲ್ಲಿ. ದಕ್ಷಿಣ ಅಮೆರಿಕದ ಸುರಿನಾಮ್ ದೇಶದಲ್ಲಿ ಮೊಯೆಂಗೊ ಎಂಬ ಗಣಿ ಊರಿದೆ. ಆಗ ಅಲ್ಲಿಗೆ ಹೋಗಲು ನದಿಯೇ ದಾರಿ. ವೈದ್ಯಕೀಯ ವಿದ್ಯಾರ್ಥಿಯಾಗಿ ಕೆಲವು ತಿಂಗಳು ಅಲ್ಲಿದ್ದ ಬ್ಲಂಬರ್ಗ್ ಹೆರಿಗೆ ಮಾಡಿಸಿದರು, ರೋಗಿಗಳನ್ನು ನೋಡಿದರು, ಮಲೇರಿಯಾ ಸಮೀಕ್ಷೆ ಮಾಡಿದರು. ಕಬ್ಬಿನ ತೋಟಗಳ ಕೂಲಿಗಾಗಿ ಹಿಂದೆ ಭಾರತದಿಂದ, ಜಾವಾದಿಂದ, ಚೀನಾದಿಂದ, ಆಫ್ರಿಕಾದಿಂದ ಜನರನ್ನು ಅಲ್ಲಿಗೆ ಒಯ್ದಿದ್ದರು. ಅವರ ಮಕ್ಕಳು ಮೊಮ್ಮಕ್ಕಳು ಅಕ್ಕಪಕ್ಕದಲ್ಲೇ ಬದುಕುತ್ತಿದ್ದರು. ಎಲ್ಲರಿಗೂ ಒಂದೇ ನೀರು, ಒಂದೇ ಸೊಳ್ಳೆ. ಆದರೂ ಆನೆಕಾಲು ರೋಗದ ಹುಳ ಕೆಲವು ಸಮುದಾಯದವರನ್ನು ಹೆಚ್ಚಾಗಿ, ಕೆಲವರನ್ನು ಕಡಿಮೆಯಾಗಿ ಕಾಡುತ್ತಿತ್ತು.

ಒಂದೇ ರೋಗಾಣು ಒಬ್ಬರನ್ನು ಮಲಗಿಸಿ ಇನ್ನೊಬ್ಬರನ್ನು ಬಿಡುವುದೇಕೆ? ಈ ಪ್ರಶ್ನೆಯನ್ನು ಬ್ಲಂಬರ್ಗ್ ಮುಂದೆ ಬಿಡಲಿಲ್ಲ. ನ್ಯೂಯಾರ್ಕಿನ ಬೆಲ್‌ವ್ಯೂ ಆಸ್ಪತ್ರೆಯಲ್ಲಿ ತರಬೇತಿ ಮುಗಿಸಿ, 1954ರಲ್ಲಿ ಕಲಾವಿದೆ ಜೀನ್ ಅವರನ್ನು ಮದುವೆಯಾದರು. ನಂತರ ಇಂಗ್ಲೆಂಡಿಗೆ ಹೋಗಿ 1957ರಲ್ಲಿ ಆಕ್ಸ್‌ಫರ್ಡ್‌ನಲ್ಲಿ ಜೀವರಸಾಯನಶಾಸ್ತ್ರದಲ್ಲಿ ಡಾಕ್ಟರೇಟ್ ಪಡೆದರು. ಮನುಷ್ಯ ಮನುಷ್ಯರ ರಕ್ತದಲ್ಲಿರುವ ವಂಶಪಾರಂಪರ್ಯ ವ್ಯತ್ಯಾಸಗಳನ್ನು ಹುಡುಕುವ ಆಸೆ ಅಲ್ಲಿ ಗಟ್ಟಿಯಾಯಿತು. ಅಮೆರಿಕಕ್ಕೆ ಮರಳಿ ಸರ್ಕಾರದ ರಾಷ್ಟ್ರೀಯ ಆರೋಗ್ಯ ಸಂಸ್ಥೆ ಸೇರಿ, ಜಗತ್ತಿನ ನಾನಾ ಕಡೆಯ ಜನರ ರಕ್ತದ ಮಾದರಿಗಳನ್ನು ಸಂಗ್ರಹಿಸಲು ಶುರು ಮಾಡಿದರು.

ಇಲ್ಲಿ ಒಂದು ಮಾತು ನೆನಪಿಡಿ: ಆಗ ಅವರು ಕಾಮಾಲೆಯನ್ನಾಗಲಿ, ಲಿವರ್ ರೋಗವನ್ನಾಗಲಿ ಹುಡುಕುತ್ತಿರಲಿಲ್ಲ.

ಜೆಲ್ಲಿಯ ಮೇಲೆ ಮೂಡಿದ ಗೆರೆ

ಆ ಕಾಲದಲ್ಲಿ ವೈದ್ಯರಿಗೆ ಕಾಮಾಲೆ ಬಗ್ಗೆ ಏನು ಗೊತ್ತಿತ್ತು? ಲಿವರ್ ಊತದಿಂದ ಬರುವ ಕಾಮಾಲೆಯಲ್ಲಿ ಎರಡು ಬಗೆ ಇದೆ ಎಂದು ಗೊತ್ತಿತ್ತು. ಒಂದು ಕೊಳಕು ನೀರು, ಆಹಾರದಿಂದ ಬರುವುದು. ಇನ್ನೊಂದು ರಕ್ತದ ಮೂಲಕ ಬರುವುದು. 1942ರಲ್ಲಿ ಅಮೆರಿಕದ ಸೈನಿಕರಿಗೆ ಕೊಟ್ಟ ಹಳದಿ ಜ್ವರದ ಲಸಿಕೆಯಲ್ಲಿ ಮನುಷ್ಯರ ರಕ್ತದ ಸೀರಂ ಬೆರೆಸಿದ್ದರು. ಅದನ್ನು ಚುಚ್ಚಿಸಿಕೊಂಡವರಲ್ಲಿ ಸುಮಾರು 50,000 ಜನ ಕಾಮಾಲೆಯಿಂದ ಮಲಗಿದರು. 1947ರಲ್ಲಿ ಬ್ರಿಟನ್ನಿನ ವೈದ್ಯ ಮ್ಯಾಕಲಮ್ ಮೊದಲನೆಯದಕ್ಕೆ ಹೆಪಟೈಟಿಸ್ ಎ, ಎರಡನೆಯದಕ್ಕೆ ಹೆಪಟೈಟಿಸ್ ಬಿ ಎಂಬ ಹೆಸರು ಸೂಚಿಸಿದರು. ಹೆಸರೇನೋ ಬಂತು, ವೈರಸ್ ಮಾತ್ರ ಯಾರ ಕೈಗೂ ಸಿಗಲಿಲ್ಲ. ಯಾರ ರಕ್ತದಲ್ಲಿ ಅದಿದೆ ಎಂದು ತಿಳಿಯುವ ದಾರಿಯೇ ಇಲ್ಲದ್ದರಿಂದ, ರಕ್ತ ಹಾಕಿಸಿಕೊಂಡವರಿಗೆ ವಾರಗಳು ಕಳೆದ ಮೇಲೆ ಕಾಮಾಲೆ ಬರುವುದು ಮಾಮೂಲಾಗಿತ್ತು.

ಬ್ಲಂಬರ್ಗ್ ಅವರ ಯೋಚನೆ ಬೇರೆಯೇ ಇತ್ತು. ಪದೇ ಪದೇ ರಕ್ತ ಹಾಕಿಸಿಕೊಳ್ಳುವವರ ದೇಹಕ್ಕೆ ಬೇರೆಯವರ ರಕ್ತದ ಪ್ರೋಟೀನುಗಳು ಹೋಗುತ್ತವೆ. ತನ್ನದಲ್ಲದ ಪ್ರೋಟೀನನ್ನು ಕಂಡರೆ ದೇಹ ಅದರ ವಿರುದ್ಧ ಪ್ರತಿಕಾಯ ತಯಾರಿಸುತ್ತದೆ. ಹಾಗಾದರೆ ಅಂಥವರ ಸೀರಂ ಬಳಸಿ, ಜನರ ರಕ್ತದಲ್ಲಿ ಅಡಗಿರುವ ವ್ಯತ್ಯಾಸಗಳನ್ನು ಹಿಡಿಯಬಹುದಲ್ಲ? ವಿಧಾನ ತುಂಬಾ ಸರಳ. ಗಾಜಿನ ಮೇಲೆ ಅಗರ್ ಎಂಬ ಜೆಲ್ಲಿಯನ್ನು ಹರಡಿ, ಅದರಲ್ಲಿ ಸಣ್ಣ ಸಣ್ಣ ಗುಳಿ ಮಾಡುತ್ತಾರೆ. ನಡುವಿನ ಗುಳಿಗೆ ರೋಗಿಯ ಸೀರಂ, ಸುತ್ತಲಿನ ಗುಳಿಗಳಿಗೆ ಬೇರೆ ಬೇರೆ ಜನರ ಸೀರಂ ಹಾಕುತ್ತಾರೆ. ಎರಡೂ ಜೆಲ್ಲಿಯಲ್ಲಿ ಹರಡಿಕೊಳ್ಳುತ್ತಾ ಬರುತ್ತವೆ. ಪ್ರತಿಕಾಯ ತನಗೆ ಹೊಂದುವ ಪ್ರೋಟೀನನ್ನು ಸಂಧಿಸಿದರೆ ಮಧ್ಯೆ ಒಂದು ತೆಳು ಬಿಳಿ ಗೆರೆ ಮೂಡುತ್ತದೆ.

1963ರಲ್ಲಿ ಬ್ಲಂಬರ್ಗ್ ಮತ್ತು ರಕ್ತನಿಧಿಯ ಯುವ ವೈದ್ಯ ಹಾರ್ವಿ ಆಲ್ಟರ್ ಇಂಥ ಒಂದು ಗೆರೆ ಕಂಡರು. ನ್ಯೂಯಾರ್ಕಿನ ಒಬ್ಬ ಹಿಮೋಫಿಲಿಯಾ ರೋಗಿಯ ಸೀರಮ್ಮನ್ನು 24 ಜನರ ಸೀರಂ ಜೊತೆ ಇಟ್ಟು ನೋಡಿದಾಗ, ಒಂದರ ಜೊತೆ ಮಾತ್ರ ಗೆರೆ ಮೂಡಿತು. ಆ ಸೀರಂ ಬಂದದ್ದು ಆಸ್ಟ್ರೇಲಿಯಾದ ಒಬ್ಬ ಮೂಲನಿವಾಸಿಯಿಂದ. ಅದರಲ್ಲಿದ್ದ ಹೊಸ ಪ್ರೋಟೀನಿಗೆ ಅವರು ಆಸ್ಟ್ರೇಲಿಯಾ ಆಂಟಿಜೆನ್ ಎಂದು ಹೆಸರಿಟ್ಟರು.

ಇಂದು ನಿಮ್ಮ ವರದಿಯಲ್ಲಿರುವ ಎಚ್‌ಬಿಎಸ್‌ಎಜಿ ಎಂದರೆ ಇದೇ. ಹೆಪಟೈಟಿಸ್ ಬಿ ವೈರಸ್ಸಿನ ಹೊರಕವಚದ ಪ್ರೋಟೀನು. ಆದರೆ ಅದನ್ನು ಕಂಡವರಿಗೇ ಅದು ವೈರಸ್ಸಿನ ಭಾಗ ಎಂದು ತಿಳಿಯಲು ಇನ್ನೂ ಮೂರ್ನಾಲ್ಕು ವರ್ಷ ಬೇಕಾಯಿತು.

ಊಹೆ ತಪ್ಪಿದಾಗ

1964ರಲ್ಲಿ ಬ್ಲಂಬರ್ಗ್ ಫಿಲಡೆಲ್ಫಿಯಾದ ಫಾಕ್ಸ್ ಚೇಸ್‌ನಲ್ಲಿದ್ದ ಕ್ಯಾನ್ಸರ್ ಸಂಶೋಧನಾ ಸಂಸ್ಥೆಗೆ ಬಂದರು. ಅವರ ತಂಡ ಸಾವಿರಾರು ಮಾದರಿಗಳನ್ನು ಪರೀಕ್ಷಿಸಿತು. ಆರೋಗ್ಯವಂತ ಅಮೆರಿಕನ್ನರಲ್ಲಿ ಈ ಪ್ರೋಟೀನು ಸಾವಿರಕ್ಕೆ ಒಬ್ಬರಲ್ಲಿ ಕಂಡರೆ ಹೆಚ್ಚು. ಏಷ್ಯಾ, ಆಫ್ರಿಕಾದ ಹಲವೆಡೆ ಸಾಕಷ್ಟು ಜನರಲ್ಲಿ ಇತ್ತು. ಅಮೆರಿಕದೊಳಗೆ ಲ್ಯುಕೇಮಿಯಾ, ಅಂದರೆ ರಕ್ತದ ಕ್ಯಾನ್ಸರ್ ಇದ್ದವರಲ್ಲಿ ಅದು ಹೆಚ್ಚಾಗಿ ಸಿಗುತ್ತಿತ್ತು. ಇದು ಲ್ಯುಕೇಮಿಯಾ ಬರುವ ಸಾಧ್ಯತೆಯನ್ನು ತೋರಿಸುವ ಹುಟ್ಟುಗುಣವೇ ಎಂದು ಅವರು ಊಹಿಸಿದರು.

ಊಹೆಯನ್ನು ಪರೀಕ್ಷಿಸಲು ಡೌನ್ ಸಿಂಡ್ರೋಮ್ ಇರುವವರ ರಕ್ತ ನೋಡಿದರು, ಏಕೆಂದರೆ ಅವರಿಗೆ ಲ್ಯುಕೇಮಿಯಾ ಬರುವ ಸಂಭವ ಹೆಚ್ಚು. ಪ್ರೋಟೀನು ಸಿಕ್ಕಿತು. ಆದರೆ ಒಂದು ವಿಚಿತ್ರ. ನೂರಾರು ಜನರನ್ನು ಒಟ್ಟಿಗೆ ಇಟ್ಟಿದ್ದ ದೊಡ್ಡ ಆಶ್ರಯಗೃಹಗಳಲ್ಲಿ ಅದು ಬಹಳ ಜನರಲ್ಲಿತ್ತು, ಹಸುಗೂಸುಗಳಲ್ಲಿ ಇರಲಿಲ್ಲ. ಹುಟ್ಟುಗುಣವಾದರೆ ಹೀಗೇಕೆ?

1966ರ ಆರಂಭದಲ್ಲಿ ಉತ್ತರ ಸಿಕ್ಕಿತು. ಮೊದಲು ನೆಗೆಟಿವ್ ಇದ್ದ ಒಬ್ಬ ಯುವಕ ಎರಡನೇ ಪರೀಕ್ಷೆಯಲ್ಲಿ ಪಾಸಿಟಿವ್ ಆಗಿದ್ದ. ಹುಟ್ಟುಗುಣ ಹೀಗೆ ನಡುವೆ ಬಂದು ಸೇರಿಕೊಳ್ಳುವುದಿಲ್ಲ. ಎರಡು ಪರೀಕ್ಷೆಗಳ ನಡುವಿನ ಅವಧಿಯಲ್ಲಿ ಅವನಿಗೆ ಏನಾಗಿದೆ ಎಂದು ಆಸ್ಪತ್ರೆಯಲ್ಲಿ ತಪಾಸಣೆ ಮಾಡಿದಾಗ, ಲಿವರ್ ಊತ ಬಂದಿರುವುದು ಗೊತ್ತಾಯಿತು. ಮರುವರ್ಷ ಬ್ಲಂಬರ್ಗ್ ಅವರ ಪ್ರಯೋಗಾಲಯದ ತಂತ್ರಜ್ಞೆಯೊಬ್ಬರಿಗೆ ಸುಸ್ತು ಶುರುವಾಯಿತು. ಅವರು ತಮ್ಮದೇ ಸೀರಮ್ಮನ್ನು ಜೆಲ್ಲಿಯ ಮೇಲೆ ಇಟ್ಟು ನೋಡಿದರು. ಮೊದಲು ಮಸುಕಾಗಿ, ಆಮೇಲೆ ಸ್ಪಷ್ಟವಾಗಿ ಗೆರೆ ಮೂಡಿತು. ಅವರಿಗೆ ಹೆಪಟೈಟಿಸ್ ಬಂದಿತ್ತು. ಮುಂದೆ ಅವರು ಗುಣವಾದರು. ಈ ಪರೀಕ್ಷೆಯಿಂದ ರೋಗ ಪತ್ತೆಯಾದವರಲ್ಲಿ ಅವರೇ ಮೊದಲಿಗರು.

ಬ್ಲಂಬರ್ಗ್ ತಮ್ಮ ಹಳೆಯ ಊಹೆಯನ್ನು ಹಿಡಿದು ಕೂರಲಿಲ್ಲ. ಅದನ್ನು ಕೈಬಿಟ್ಟು, ಈ ಪ್ರೋಟೀನು ಹೆಪಟೈಟಿಸ್ ತರುವ ವೈರಸ್ಸಿನದು ಎಂದು ಪ್ರಕಟಿಸಿದರು. ಜಪಾನಿನಲ್ಲಿ ಒಕೋಚಿ, ನ್ಯೂಯಾರ್ಕಿನಲ್ಲಿ ಆಲ್ಫ್ರೆಡ್ ಪ್ರಿನ್ಸ್ ತಮ್ಮ ತಮ್ಮ ಅಧ್ಯಯನಗಳಲ್ಲಿ ಇದನ್ನು ಖಚಿತಪಡಿಸಿದರು. 1970ರಲ್ಲಿ ಲಂಡನ್ನಿನ ಡೇವಿಡ್ ಡೇನ್ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಪೂರ್ತಿ ವೈರಸ್ ಕಣವನ್ನೇ ಕಂಡರು.

ಇಷ್ಟಾದ ಮೇಲೆ 1963ರ ಆ ಗೆರೆಯ ಅರ್ಥವೂ ಬಿಡಿಸಿಕೊಂಡಿತು. ಆಸ್ಟ್ರೇಲಿಯಾದ ವ್ಯಕ್ತಿಯ ರಕ್ತದಲ್ಲಿ ವೈರಸ್ ಇತ್ತು. ನ್ಯೂಯಾರ್ಕಿನ ರೋಗಿಗೆ ಹಿಂದೆ ಹಾಕಿದ್ದ ಯಾರದೋ ರಕ್ತದಿಂದ ಅದೇ ವೈರಸ್ ಬಂದು, ಅವನ ದೇಹ ಅದರ ವಿರುದ್ಧ ಪ್ರತಿಕಾಯ ತಯಾರಿಸಿಕೊಂಡಿತ್ತು. ಈ ರೋಗ ರಕ್ತದಿಂದ ರಕ್ತಕ್ಕೆ ದಾಟುತ್ತದೆ ಎಂಬುದು ಆ ಗೆರೆಯಲ್ಲೇ ಇತ್ತು.

ರಕ್ತನಿಧಿಯಿಂದ ಲಸಿಕೆಯವರೆಗೆ

ಪರೀಕ್ಷೆ ಸಿಕ್ಕ ಕೂಡಲೇ ಮೊದಲ ಪ್ರಯೋಜನವಾದದ್ದು ರಕ್ತ ಪಡೆಯುವ ರೋಗಿಗಳಿಗೆ. 1970ರ ದಶಕದ ಆರಂಭದಲ್ಲಿ ಅಮೆರಿಕದಲ್ಲಿ ದಾನಿಗಳ ರಕ್ತಕ್ಕೆ ಈ ಪರೀಕ್ಷೆ ಕಡ್ಡಾಯವಾಯಿತು. ಇಂದು ಭಾರತದಲ್ಲೂ ದಾನವಾಗಿ ಬಂದ ಪ್ರತಿಯೊಂದು ಬಾಟಲಿ ರಕ್ತವನ್ನೂ ಎಚ್‌ಬಿಎಸ್‌ಎಜಿ ಪರೀಕ್ಷೆ ಮಾಡದೆ ರೋಗಿಗೆ ಕೊಡುವಂತಿಲ್ಲ.

ಎರಡನೆಯದು ಲಸಿಕೆ. ಸೋಂಕಿತರ ರಕ್ತದಲ್ಲಿ ಪೂರ್ತಿ ವೈರಸ್ ಜೊತೆಗೆ, ಒಳಗೆ ಏನೂ ಇಲ್ಲದ ಬರಿಯ ಕವಚದ ಚೂರುಗಳು ಕೋಟಿಗಟ್ಟಲೆ ತೇಲುತ್ತಿರುತ್ತವೆ. ಕವಚ ಮಾತ್ರ ರೋಗ ತರುವುದಿಲ್ಲ. ಆದರೆ ಅದನ್ನು ನೋಡಿದ ದೇಹ ಪ್ರತಿಕಾಯ ತಯಾರಿಸಿಕೊಳ್ಳುತ್ತದೆ. ಈ ಚೂರುಗಳನ್ನು ಬೇರ್ಪಡಿಸಿ ಶುದ್ಧ ಮಾಡಿದರೆ ಅದೇ ಲಸಿಕೆ ಎಂದು ಬ್ಲಂಬರ್ಗ್ ಮತ್ತು ಅವರ ಸಹೋದ್ಯೋಗಿ ಇರ್ವಿಂಗ್ ಮಿಲ್ಮನ್ 1969ರಲ್ಲಿ ಪೇಟೆಂಟ್ ಅರ್ಜಿ ಹಾಕಿದರು. ಮುಂದೆ ಮರ್ಕ್ ಕಂಪನಿಯ ಮಾರಿಸ್ ಹಿಲ್ಮನ್ ಅದನ್ನು ಬಳಸಬಹುದಾದ ಲಸಿಕೆಯಾಗಿ ಮಾಡಿದರು. 1981ರಲ್ಲಿ ಅಮೆರಿಕ ಸರ್ಕಾರ ಒಪ್ಪಿಗೆ ಕೊಟ್ಟಿತು. 1986ರಲ್ಲಿ ಮನುಷ್ಯರ ರಕ್ತವನ್ನು ಬಳಸದೆ, ಯೀಸ್ಟ್ ಕೋಶಗಳಲ್ಲಿ ಆ ಕವಚದ ಪ್ರೋಟೀನನ್ನು ಬೆಳೆಸುವ ಹೊಸ ಲಸಿಕೆ ಬಂತು. ಈಗ ನಮ್ಮ ಮಕ್ಕಳಿಗೆ ಹಾಕುವುದು ಈ ಬಗೆಯದು. ಇದರಲ್ಲಿ ಜೀವಂತ ವೈರಸ್ಸೂ ಇಲ್ಲ, ಸತ್ತ ವೈರಸ್ಸೂ ಇಲ್ಲ. ಹಾಗಾಗಿ ಲಸಿಕೆಯಿಂದಲೇ ಹೆಪಟೈಟಿಸ್ ಬರುತ್ತದೆ ಎಂಬ ಫಾರ್ವರ್ಡ್ ನಿಮಗೆ ಬಂದರೆ ಅದನ್ನು ಅಲ್ಲೇ ನಿಲ್ಲಿಸಿ.

ಈ ಲಸಿಕೆಗೆ ಇನ್ನೊಂದು ಹಿರಿಮೆ ಇದೆ. ವರ್ಷಗಟ್ಟಲೆ ಲಿವರ್‌ನಲ್ಲಿ ಉಳಿಯುವ ಹೆಪಟೈಟಿಸ್ ಬಿ, ಕೆಲವರಲ್ಲಿ ಲಿವರ್ ಸಿರೋಸಿಸ್ ಅಥವಾ ಕ್ಯಾನ್ಸರಿಗೆ ತಿರುಗುತ್ತದೆ. ಹಾಗಾಗಿ ಹೆಪಟೈಟಿಸ್ ಬಿ ತಡೆದರೆ ಕ್ಯಾನ್ಸರನ್ನೂ ತಡೆದಂತೆ. ತೈವಾನ್ ಇದನ್ನು ಮಾಡಿ ತೋರಿಸಿತು. 1984ರಲ್ಲಿ ಸೋಂಕಿತ ತಾಯಂದಿರ ಶಿಶುಗಳಿಗೆ, 1986ರಿಂದ ಎಲ್ಲ ನವಜಾತ ಶಿಶುಗಳಿಗೆ ಲಸಿಕೆ ಹಾಕಲು ಶುರು ಮಾಡಿತು. ಹತ್ತು ವರ್ಷದೊಳಗೆ ಅಲ್ಲಿನ 6ರಿಂದ 14 ವರ್ಷದ ಮಕ್ಕಳಲ್ಲಿ ಲಿವರ್ ಕ್ಯಾನ್ಸರ್ ಸುಮಾರು ಅರ್ಧಕ್ಕೆ ಇಳಿಯಿತು.

ಭಾರತದಲ್ಲಿ ಮೊದಮೊದಲು ಈ ಲಸಿಕೆ ದುಬಾರಿ ಆಮದು ಸರಕಾಗಿತ್ತು. 1997ರಲ್ಲಿ ಹೈದರಾಬಾದಿನ ಶಾಂತಾ ಬಯೋಟೆಕ್ನಿಕ್ಸ್ ಇಲ್ಲೇ ತಯಾರಿಸಿದ ಮೇಲೆ ಬೆಲೆ ಇಳಿಯಿತು. ಈಗ ಸರ್ಕಾರಿ ಆಸ್ಪತ್ರೆಗಳಲ್ಲಿ ಇದು ಉಚಿತ. ಹುಟ್ಟಿದ 24 ಗಂಟೆಯೊಳಗೆ ಮೊದಲ ಡೋಸ್, ಆಮೇಲೆ 6, 10 ಮತ್ತು 14ನೇ ವಾರದಲ್ಲಿ ಪೆಂಟಾವೆಲೆಂಟ್ ಚುಚ್ಚುಮದ್ದಿನ ಜೊತೆಗೆ ಸಿಗುತ್ತದೆ.

ಬ್ಲಂಬರ್ಗ್ ಅವರನ್ನು ಕಾಡಿದ ಇನ್ನೊಂದು ಪ್ರಶ್ನೆ

1976ರಲ್ಲಿ ಬ್ಲಂಬರ್ಗ್ ಅವರಿಗೆ ವೈದ್ಯಕೀಯ ನೊಬೆಲ್ ಬಂತು. ಬೇರೆಯೇ ರೋಗದ ಮೇಲೆ ಕೆಲಸ ಮಾಡಿದ್ದ ಕಾರ್ಲ್‌ಟನ್ ಗಜ್ದುಸೆಕ್ ಅವರೊಂದಿಗೆ ಪ್ರಶಸ್ತಿ ಹಂಚಿಕೊಂಡರು. ಇಂಥ ವೇದಿಕೆಯಲ್ಲಿ ವಿಜ್ಞಾನಿಗಳು ತಮ್ಮ ಸಂಶೋಧನೆಯನ್ನು ವಿವರಿಸುವುದು ರೂಢಿ. ಬ್ಲಂಬರ್ಗ್ ಅದನ್ನೂ ಮಾಡಿದರು. ಆದರೆ ನೊಬೆಲ್ ಉಪನ್ಯಾಸದ ಒಂದು ಭಾಗವನ್ನು, ರೋಗವಿಲ್ಲದೆ ವೈರಸ್ ಹೊತ್ತಿರುವವರಿಗೆ ಸಮಾಜ ಏನು ಮಾಡುತ್ತದೆ ಎಂಬ ಪ್ರಶ್ನೆಗೆ ಮೀಸಲಿಟ್ಟರು.

ಅವರ ಚಿಂತೆ ಹೀಗಿತ್ತು. ಪರೀಕ್ಷೆ ಬರುವ ಮೊದಲು ಈ ಜನ ಎಲ್ಲರಂತೆ ಬದುಕುತ್ತಿದ್ದರು. ಪರೀಕ್ಷೆ ಬಂದ ಮೇಲೆ ಅವರನ್ನು ಗುರುತಿಸುವುದು ಸುಲಭವಾಯಿತು, ಆದರೆ ಅವರಿಂದ ಬೇರೆಯವರಿಗೆ ಎಷ್ಟು ಅಪಾಯ ಎಂಬುದು ಇನ್ನೂ ಸರಿಯಾಗಿ ತಿಳಿದಿರಲಿಲ್ಲ. ಇಂಥ ಹೊತ್ತಿನಲ್ಲಿ ಭಯದಿಂದ ನಿಯಮ ಮಾಡಿದರೆ, ಲಕ್ಷಾಂತರ ಜನರ ಕೆಲಸಕ್ಕೆ, ಬದುಕಿಗೆ ಅಡ್ಡಿಯಾಗುತ್ತದೆ. ಸಮಾಜದ ಆರೋಗ್ಯ ಕಾಪಾಡಬೇಕು ನಿಜ. ಹಾಗೆಂದು ವ್ಯಕ್ತಿಯ ಬದುಕನ್ನು ಎಷ್ಟರಮಟ್ಟಿಗೆ ಕಟ್ಟಿಹಾಕಬಹುದು ಎಂದೂ ಯೋಚಿಸಬೇಕು ಎಂಬುದು ಅವರ ನಿಲುವು. ಮನುಷ್ಯರು ಜೊತೆಯಾಗಿ ಬದುಕುವಾಗ ಅಪಾಯ ಪೂರ್ತಿ ಸೊನ್ನೆ ಆಗುವುದಿಲ್ಲ ಎಂಬುದನ್ನೂ ಅವರು ಗಮನಕ್ಕೆ ತಂದರು.

ಇದಾಗಿ ಅರ್ಧ ಶತಮಾನವೇ ಆಗುತ್ತಾ ಬಂತು. ಆಗ ತಿಳಿಯದಿದ್ದ ಅಪಾಯದ ಲೆಕ್ಕ ಈಗ ತಿಳಿದಿದೆ. ಸೋಂಕಿತ ರಕ್ತದಿಂದ, ಶುದ್ಧಿ ಮಾಡದ ಸೂಜಿ ಸಿರಿಂಜಿನಿಂದ, ಒಬ್ಬರು ಬಳಸಿದ ಬ್ಲೇಡು, ಹಚ್ಚೆ ಅಥವಾ ಕಿವಿ ಚುಚ್ಚುವ ಸೂಜಿಯಿಂದ, ಅಸುರಕ್ಷಿತ ಲೈಂಗಿಕ ಸಂಪರ್ಕದಿಂದ, ಹೆರಿಗೆಯ ಸಮಯದಲ್ಲಿ ತಾಯಿಯಿಂದ ಮಗುವಿಗೆ ಇದು ಹರಡುತ್ತದೆ. ವೈರಸ್ ದೇಹದ ಹೊರಗೂ ಏಳು ದಿನ ಬದುಕಬಲ್ಲದು. ಆದ್ದರಿಂದ ಬ್ಲೇಡು, ರೇಜರ್, ಟೂತ್‌ಬ್ರಷ್, ಉಗುರು ಕತ್ತರಿ ಹಂಚಿಕೊಳ್ಳಬಾರದು. 2009ರಲ್ಲಿ ಗುಜರಾತಿನ ಮೊಡಾಸಾದಲ್ಲಿ ಹಲವರು ಹೆಪಟೈಟಿಸ್ ಬಿ ಇಂದ ಸತ್ತಾಗ, ಕಾರಣವಾಗಿ ಕಂಡದ್ದು ಮತ್ತೆ ಮತ್ತೆ ಬಳಸಿದ ಸಿರಿಂಜುಗಳು.

ಒಂದೇ ತಟ್ಟೆಯಲ್ಲಿ ಉಂಡರೆ, ಒಂದೇ ಲೋಟದಲ್ಲಿ ನೀರು ಕುಡಿದರೆ, ತಬ್ಬಿಕೊಂಡರೆ, ಕೈಕುಲುಕಿದರೆ, ಕೆಮ್ಮಿದರೆ, ಸೀನಿದರೆ ಇದು ಹರಡುವುದಿಲ್ಲ. ಶಾಲೆಯ ಬೆಂಚಿನಲ್ಲಿ, ಕಚೇರಿಯ ಕುರ್ಚಿಯಲ್ಲಿ ಜೊತೆಗೆ ಕೂತರೂ ಹರಡುವುದಿಲ್ಲ. ಮನೆಯವರಿಗೆ ಲಸಿಕೆ ಆಗಿದ್ದರೆ ಹೆದರಿಕೆಗೆ ಮೊದಲೇ ಕಾರಣವಿಲ್ಲ. ಗಂಡ ಅಥವಾ ಹೆಂಡತಿಗೆ ಲಸಿಕೆ ಹಾಕಿಸಿ ಅದು ಕೆಲಸ ಮಾಡಿದೆ ಎಂದು ಖಚಿತವಾದ ಮೇಲೆ ದಾಂಪತ್ಯಕ್ಕೂ ಅಡ್ಡಿಯಿಲ್ಲ. ಹಾಗಿದ್ದೂ ತಟ್ಟೆ ಬೇರೆ ಮಾಡುವುದರಿಂದ ಯಾರಿಗೂ ರಕ್ಷಣೆ ಸಿಗುವುದಿಲ್ಲ, ಒಬ್ಬರಿಗೆ ನೋವಾಗುತ್ತದೆ, ಅಷ್ಟೇ. ಅದನ್ನು ನೋಡಿದ ಇನ್ನೊಬ್ಬರು ಪರೀಕ್ಷೆ ಮಾಡಿಸಿಕೊಳ್ಳಲು ಹೆದರುತ್ತಾರೆ.

ಬೆಂಗಳೂರು, ಮದ್ರಾಸು ಮತ್ತು ನೆಲನೆಲ್ಲಿ

ಬ್ಲಂಬರ್ಗ್ ಅವರಿಗೆ ನಮ್ಮ ಕಡೆಯ ನಂಟೂ ಇತ್ತು. 1986ರಲ್ಲಿ ಅವರು ಬೆಂಗಳೂರಿನ ಭಾರತೀಯ ವಿಜ್ಞಾನ ಅಕಾಡೆಮಿಯ ರಾಮನ್ ಸಂದರ್ಶಕ ಪ್ರಾಧ್ಯಾಪಕರಾಗಿದ್ದರು. ಅದೇ ಕಾಲದಲ್ಲಿ ಅವರ ಗಮನ ಸೆಳೆದದ್ದು ನಮ್ಮ ಹಿತ್ತಿಲಿನ ಒಂದು ಗಿಡ: ನೆಲನೆಲ್ಲಿ, ಕೆಲವು ಕಡೆ ಕಿರುನೆಲ್ಲಿ ಎನ್ನುತ್ತಾರೆ. ಕಾಮಾಲೆಗೆ ಇದರ ರಸ ಕುಡಿಸುವುದು ದಕ್ಷಿಣ ಭಾರತದಲ್ಲಿ ಹಳೆಯ ರೂಢಿ.

ನಾಟಿ ಔಷಧಿ ಎಂದು ಅವರು ತಳ್ಳಿಹಾಕಲಿಲ್ಲ, ಪುರಾತನ ಎಂದು ಕಣ್ಣುಮುಚ್ಚಿ ಒಪ್ಪಲೂ ಇಲ್ಲ. ಪರೀಕ್ಷಿಸಿದರು. ಮದ್ರಾಸಿನ ವಿಜ್ಞಾನಿ ತ್ಯಾಗರಾಜನ್ ಮತ್ತು ತಂಡದೊಂದಿಗೆ ಅವರ ಹೆಸರಿನಲ್ಲಿ 1988ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಒಂದು ವರದಿ ಬಂತು. ವೈರಸ್ ಹೊತ್ತಿದ್ದವರಿಗೆ 30 ದಿನ ಈ ಗಿಡದ ಪುಡಿ ಕೊಟ್ಟಾಗ 37 ಜನರಲ್ಲಿ 22 ಜನರ ರಕ್ತದಿಂದ ಎಚ್‌ಬಿಎಸ್‌ಎಜಿ ಮಾಯವಾಗಿತ್ತು. ಬರಿಯ ಹುಸಿ ಮಾತ್ರೆ ಪಡೆದ 23 ಜನರಲ್ಲಿ ಒಬ್ಬರಿಗೆ ಮಾತ್ರ ಹಾಗಾಗಿತ್ತು. ಆಗ ಎಲ್ಲರಿಗೂ ದೊಡ್ಡ ಆಸೆ ಮೂಡಿತು.

ಕಥೆ ಇಲ್ಲಿಗೇ ನಿಂತಿದ್ದರೆ ಅದು ಒಳ್ಳೆಯ ಫಾರ್ವರ್ಡ್ ಆಗುತ್ತಿತ್ತು. ಆದರೆ ವಿಜ್ಞಾನದಲ್ಲಿ ಒಂದು ಪ್ರಯೋಗ ಸಾಲದು, ಬೇರೆಯವರು ಮಾಡಿದಾಗಲೂ ಅದೇ ಫಲ ಬರಬೇಕು. ಬೇರೆ ದೇಶಗಳಲ್ಲಿ ಪ್ರಯೋಗ ಮಾಡಿದಾಗ ಆ ಫಲ ಬರಲಿಲ್ಲ. 2011ರಲ್ಲಿ ಅಲ್ಲಿಯವರೆಗಿನ ಪ್ರಯೋಗಗಳನ್ನು ಒಟ್ಟು ಸೇರಿಸಿ ನೋಡಿದ ಕಾಕ್ರೇನ್ ಸಂಸ್ಥೆಯ ಸಮೀಕ್ಷೆಯೂ, ಈ ಗಿಡ ಹೆಪಟೈಟಿಸ್ ಬಿ ಗುಣಪಡಿಸುತ್ತದೆ ಎನ್ನಲು ನಂಬುವಂಥ ಪುರಾವೆ ಇಲ್ಲ ಎಂದಿತು.

ಹಾಗಾದರೆ ನಮ್ಮ ಊರಿನಲ್ಲಿ ಎಷ್ಟೋ ಜನರಿಗೆ ಗುಣವಾಗಿದೆಯಲ್ಲ ಎಂದು ನೀವು ಕೇಳಬಹುದು. ಕಾರಣ ಇಷ್ಟೇ: ಕಾಮಾಲೆ ಒಂದು ಲಕ್ಷಣ, ರೋಗದ ಹೆಸರಲ್ಲ. ನೀರಿನಿಂದ ಬರುವ ಹೆಪಟೈಟಿಸ್ ಎ ಮತ್ತು ಇ ಬಹುತೇಕ ಜನರಲ್ಲಿ ಕೆಲವು ವಾರಗಳಲ್ಲಿ ತಾನಾಗಿಯೇ ವಾಸಿಯಾಗುತ್ತವೆ. ದೊಡ್ಡವರಾದ ಮೇಲೆ ಹೆಪಟೈಟಿಸ್ ಬಿ ತಗುಲಿದರೂ 100ಕ್ಕೆ 95 ಜನರ ದೇಹವೇ ಅದನ್ನು ಹೊರಹಾಕುತ್ತದೆ. ಯಾವ ರಸ ಕುಡಿದಿದ್ದರೂ, ಕುಡಿಯದಿದ್ದರೂ ಅವರು ಗುಣವಾಗುತ್ತಿದ್ದರು. ಆದರೆ ಹುಟ್ಟುವಾಗಲೇ ಸೋಂಕು ತಗುಲಿದ, ಲಸಿಕೆ ಸಿಗದ ಶಿಶುಗಳಲ್ಲಿ 100ಕ್ಕೆ 90ರಷ್ಟು ಮಕ್ಕಳಲ್ಲಿ ವೈರಸ್ ಶಾಶ್ವತವಾಗಿ ಉಳಿಯುತ್ತದೆ. ಅಂಥವರ ಕಣ್ಣು ಹಳದಿಯಾಗದೆ, ಏನೂ ತೊಂದರೆ ಕಾಣದೆ ಇಪ್ಪತ್ತು ಮೂವತ್ತು ವರ್ಷ ಕಳೆದುಬಿಡಬಹುದು. ಹಳದಿ ಇಳಿಯಿತು ಎಂದರೆ ವೈರಸ್ ಹೋಯಿತು ಎಂದಲ್ಲ. ಅದನ್ನು ಹೇಳುವುದು ಪರೀಕ್ಷೆ ಮಾತ್ರ.

ಅವರ ಹುಟ್ಟುಹಬ್ಬವೇ ಹೆಪಟೈಟಿಸ್ ದಿನ

ಮುಂದಿನ ವರ್ಷಗಳಲ್ಲೂ ಬ್ಲಂಬರ್ಗ್ ಒಂದೇ ಕಡೆ ನಿಲ್ಲಲಿಲ್ಲ. 1989ರಿಂದ 1994ರವರೆಗೆ ತಾವು ಓದಿದ ಆಕ್ಸ್‌ಫರ್ಡ್‌ನ ಬೇಲಿಯಲ್ ಕಾಲೇಜಿನ ಮುಖ್ಯಸ್ಥರಾಗಿದ್ದರು. ಆ ಹುದ್ದೆಗೆ ಬಂದ ಮೊದಲ ಅಮೆರಿಕನ್ ಅವರು. 1991ರಲ್ಲಿ ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ ಹೆಪಟೈಟಿಸ್ ಬಿ ಇರುವವರಿಗೆ ನೆರವು, ಮಾಹಿತಿ ಕೊಡುವ ಹೆಪಟೈಟಿಸ್ ಬಿ ಫೌಂಡೇಶನ್ ಶುರುವಾದಾಗ ಅದಕ್ಕೂ ಬೆನ್ನೆಲುಬಾದರು. 1999ರಲ್ಲಿ ನಾಸಾದ ಖಗೋಳಜೀವವಿಜ್ಞಾನ ಸಂಸ್ಥೆಯ ಮೊದಲ ನಿರ್ದೇಶಕರಾಗಿ, ಭೂಮಿಯ ಹೊರಗೆ ಜೀವ ಇದೆಯೇ ಎಂಬ ಹುಡುಕಾಟಕ್ಕೆ ಇಳಿದರು. 2011ರ ಏಪ್ರಿಲ್ 5ರಂದು, ಕ್ಯಾಲಿಫೋರ್ನಿಯಾದ ನಾಸಾ ಕೇಂದ್ರದಲ್ಲಿ ಭಾಷಣ ಮಾಡಿದ ಸ್ವಲ್ಪ ಹೊತ್ತಿನಲ್ಲೇ ಹೃದಯಾಘಾತದಿಂದ ತೀರಿಕೊಂಡರು. ಆಗ ಅವರಿಗೆ 85 ವರ್ಷ.

ಅದಕ್ಕೆ ಒಂದು ವರ್ಷ ಮೊದಲು, 2010ರಲ್ಲಿ, ವಿಶ್ವ ಆರೋಗ್ಯ ಸಭೆ ಅವರ ಗೌರವಾರ್ಥ ಜುಲೈ 28ನ್ನು ವಿಶ್ವ ಹೆಪಟೈಟಿಸ್ ದಿನವೆಂದು ಗೊತ್ತುಮಾಡಿತ್ತು. ಭಾರತ ಸರ್ಕಾರ ರಾಷ್ಟ್ರೀಯ ವೈರಲ್ ಹೆಪಟೈಟಿಸ್ ನಿಯಂತ್ರಣ ಕಾರ್ಯಕ್ರಮವನ್ನು ಆರಂಭಿಸಿದ್ದೂ 2018ರ ಅದೇ ದಿನ. ಇದರಡಿ ಹೆಪಟೈಟಿಸ್ ಬಿ ಮತ್ತು ಸಿ ಪರೀಕ್ಷೆ, ಔಷಧಿ ಎರಡೂ ಉಚಿತ.

ಆದರೂ ಕೆಲಸ ಬಹಳ ಬಾಕಿ ಇದೆ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ 2022ರಲ್ಲಿ ಜಗತ್ತಿನಲ್ಲಿ 25.4 ಕೋಟಿ ಜನ ದೀರ್ಘಕಾಲದ ಹೆಪಟೈಟಿಸ್ ಬಿ ಜೊತೆ ಬದುಕುತ್ತಿದ್ದರು. ಅವರಲ್ಲಿ ಸುಮಾರು 3 ಕೋಟಿ ಜನ ಭಾರತದವರು. ಜಗತ್ತಿನ ಸೋಂಕಿತರಲ್ಲಿ ತಮಗೆ ಸೋಂಕಿದೆ ಎಂದು ಪರೀಕ್ಷೆಯಿಂದ ತಿಳಿದವರು 100ಕ್ಕೆ 13 ಜನ ಮಾತ್ರ.

ವರದಿ ರಿಯಾಕ್ಟಿವ್ ಬಂದರೆ ಏನು ಮಾಡಬೇಕು?

ಮೊದಲು, ಗಾಬರಿ ಬೇಡ. ರಿಯಾಕ್ಟಿವ್ ಎಂದ ಮಾತ್ರಕ್ಕೆ ಲಿವರ್ ಹಾಳಾಗಿದೆ ಎಂದಲ್ಲ. ಜಿಲ್ಲಾ ಆಸ್ಪತ್ರೆಗೆ ಅಥವಾ ಲಿವರ್ ತಜ್ಞರ ಬಳಿಗೆ ಹೋಗಿ. ವೈರಸ್ ಎಷ್ಟಿದೆ, ಲಿವರ್ ಹೇಗಿದೆ ಎಂದು ಇನ್ನಷ್ಟು ಪರೀಕ್ಷೆ ಮಾಡುತ್ತಾರೆ. ಎಲ್ಲರಿಗೂ ತಕ್ಷಣ ಔಷಧಿ ಬೇಕಾಗುವುದಿಲ್ಲ. ಬೇಕಾದವರಿಗೆ ಟೆನೊಫೊವಿರ್, ಎಂಟೆಕಾವಿರ್‌ನಂಥ ಮಾತ್ರೆಗಳಿವೆ. ಇವು ವೈರಸ್ಸನ್ನು ಪೂರ್ತಿ ಓಡಿಸುವುದು ಅಪರೂಪ, ಆದರೆ ಅದನ್ನು ಅಡಗಿಸಿಟ್ಟು ಲಿವರನ್ನು ಕಾಪಾಡುತ್ತವೆ. ವೈದ್ಯರು ಹೇಳದೆ ಮಾತ್ರೆ ನಿಲ್ಲಿಸಬೇಡಿ. ಮಾತ್ರೆ ಬೇಡ ಎಂದವರೂ ಹೇಳಿದ ಸಮಯಕ್ಕೆ ತಪಾಸಣೆಗೆ ಹೋಗಲೇಬೇಕು. ಮದ್ಯ ಬಿಡಿ. ರಕ್ತದಾನ ಮಾಡಬೇಡಿ.

ಮನೆಯವರೆಲ್ಲರೂ ಪರೀಕ್ಷೆ ಮಾಡಿಸಿ, ನೆಗೆಟಿವ್ ಇದ್ದವರು ಮೂರು ಡೋಸ್ ಲಸಿಕೆ ಹಾಕಿಸಿಕೊಳ್ಳಿ.

ಗರ್ಭಿಣಿಗೆ ರಿಯಾಕ್ಟಿವ್ ಬಂದರೆ ಮುಚ್ಚಿಡಬೇಡಿ. ಹೆರಿಗೆ ಆಸ್ಪತ್ರೆಯಲ್ಲೇ ಆಗಲಿ. ಹುಟ್ಟಿದ ಮಗುವಿಗೆ 24 ಗಂಟೆಯೊಳಗೆ ಲಸಿಕೆ ಮತ್ತು ಇಮ್ಯುನೋಗ್ಲೋಬ್ಯುಲಿನ್ ಚುಚ್ಚುಮದ್ದು ಕೊಟ್ಟರೆ ಬಹುಪಾಲು ಶಿಶುಗಳು ಸೋಂಕಿನಿಂದ ಪಾರಾಗುತ್ತವೆ. ತಾಯಿ ಎದೆಹಾಲು ಕೊಡಬಹುದು.

ಬ್ಲಂಬರ್ಗ್ ಅವರ ಕೆಲಸದಿಂದ ನಮಗೆ ಸಿಕ್ಕ ಪರೀಕ್ಷೆಯ ಉದ್ದೇಶ ಜನರನ್ನು ಉಳಿಸುವುದು, ಊರಿನಿಂದ ಹೊರಗಿಡುವುದಲ್ಲ. ನಿಮ್ಮ ಗ್ರೂಪಿನಲ್ಲಿ ಎಂಜಲಿನ ಭಯ ಹುಟ್ಟಿಸುವ ಮೆಸೇಜ್ ಮುಂದೆ ಬಂದರೆ, ಅದನ್ನು ಫಾರ್ವರ್ಡ್ ಮಾಡುವ ಬದಲು ಈ ಲೇಖನ ಕಳುಹಿಸಿ. ಆ ಗ್ರೂಪಿನಲ್ಲೇ ಯಾರೋ ಒಬ್ಬರು ತಮ್ಮ ವರದಿಯನ್ನು ಯಾರಿಗೂ ತೋರಿಸಲಾಗದೆ ಕೂತಿರಬಹುದು.